ಪ್ರವಾಸ ಕಥನ ಬರೆಯುವುದು ಹೇಗೆ: ಬಾದಾಮಿ ಇಟ್ಟುಕೊಂಡು ಒಂದು ಟಿಪ್ಪಣಿ

ಪ್ರವಾಸ ಕಥನದ ಅಸೈನ್‌ಮೆಂಟ್‌ಗೆ ನಾನು ಬಾದಾಮಿ ಬಗ್ಗೆ ಬರೆದಿದ್ದೆ. ಮೊದಲ ಸಾಲು ಹೀಗಿತ್ತು: ‘ಬಾಗಲಕೋಟೆ ಜಿಲ್ಲೆಯಲ್ಲಿರುವ ಬಾದಾಮಿಯು ಚಾಲುಕ್ಯರ ರಾಜಧಾನಿಯಾಗಿದ್ದು, ಇಲ್ಲಿ ನಾಲ್ಕು ಗುಹಾಲಯಗಳಿವೆ.’ ಮೇಷ್ಟ್ರು ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದೇ ಪ್ರಶ್ನೆ ಬರೆದು ವಾಪಸ್ ಕೊಟ್ಟರು: ‘ನೀನು ಹೋಗಿದ್ದೆಯಾ?’

ಹೋಗಿದ್ದೆ. ಎರಡು ದಿನ ಇದ್ದೆ. ಆದರೆ ಆ ಸಾಲು ಬರೆಯಲು ಮನೆ ಬಿಟ್ಟು ಹೊರಡಬೇಕಾಗಿಯೇ ಇರಲಿಲ್ಲ, ಅಲ್ವಾ? ತಿದ್ದಿ ಬರೆಯುವಾಗ ಕಲಿತದ್ದು ಇಲ್ಲಿದೆ.

ಮೊದಲು, ಶುರು ಎಲ್ಲಿಂದ? ನಮ್ಮಲ್ಲಿ ಬಹಳ ಜನ ಬೆಳಗ್ಗೆ ಐದಕ್ಕೆ ಎದ್ದದ್ದು, ಬಸ್ಸು ತಡವಾದದ್ದು, ದಾರಿಯಲ್ಲಿ ಇಡ್ಲಿ ತಿಂದದ್ದು ಎಲ್ಲ ಹೇಳಿ ಊರು ಮುಟ್ಟುವಷ್ಟರಲ್ಲಿ ಓದುವವರು ನಿದ್ದೆ ಹೋಗಿರುತ್ತಾರೆ. ನೇರ ಒಂದು ಜಾಗಕ್ಕೆ ಹೋಗಿ ನಿಲ್ಲಿ. ನಾನು ನಿಂತದ್ದು ಅಗಸ್ತ್ಯ ತೀರ್ಥದ ದಂಡೆಯಲ್ಲಿ:

‘ಕೆರೆಯ ಮೆಟ್ಟಿಲ ಮೇಲೆ ಒಬ್ಬರು ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಿದ್ದ ಸದ್ದು ಒಮ್ಮೆ, ಆಚೆ ಬಂಡೆಗೆ ತಾಗಿ ತಿರುಗಿ ಬಂದದ್ದು ಇನ್ನೊಮ್ಮೆ. ಚಪ್ಪಲಿ ಬಿಟ್ಟು ಕೆಳಗಿಳಿದೆ. “ಪಾಚಿ ಐತ್ರಿ, ಜಾರ್ತೈತಿ” ಅಂದರು. ಅವರ ಮಾತು ಮುಗಿಯುವ ಮೊದಲೇ ನಾನು ನೀರಲ್ಲಿ ಕೂತಾಗಿತ್ತು.’

ಇದರಲ್ಲಿ ಇತಿಹಾಸ ಒಂದು ಚೂರೂ ಇಲ್ಲ. ಆದರೆ ಜಾಗವಿದೆ, ಸದ್ದಿದೆ, ಒಬ್ಬ ಮನುಷ್ಯರಿದ್ದಾರೆ, ಒದ್ದೆಯಾದ ನಾನಿದ್ದೇನೆ. ಅವರ ಮಾತನ್ನು ‘ಪಾಚಿ ಇದೆ, ಜಾಗರೂಕರಾಗಿರಿ’ ಎಂದು ತಿದ್ದಿದ್ದರೆ ಬಾದಾಮಿ ಅಲ್ಲೇ ಸತ್ತುಹೋಗುತ್ತಿತ್ತು. ಹಾಗಂತ ಪುಟಗಟ್ಟಲೆ ಆ ಕಡೆಯ ಭಾಷೆ ಬರೆಯಲು ಹೋಗಬೇಡಿ. ಕಿವಿಯಲ್ಲಿ ಉಳಿದ ಒಂದು ಸಾಲು ಸಾಕು.

ಹಾಗಾದರೆ ಇತಿಹಾಸ ಬೇಡವೇ? ಬೇಕು. ಆದರೆ ಅದು ನಿಮ್ಮ ಕಾಲಿನ ಹಿಂದೆ ಬರಬೇಕು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮೂರನೇ ಗುಹೆಯ ಕಂಬಕ್ಕೆ ಒರಗಲು ಹೋದಾಗ ಕಾವಲುಗಾರ ಗದರಿಸಿದರು. ಈ ಗುಹೆಯಲ್ಲಿ ಚಾಲುಕ್ಯ ಮನೆತನದ ಮಂಗಳೇಶ ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಬರೆಸಿದ ಶಾಸನವಿದೆ, ಶಕ 500ರದ್ದು, ಅಂದರೆ ಕ್ರಿ.ಶ. 578. ಅಷ್ಟು ಹಳೆಯ ಗುಹೆಗೆ ನನ್ನ ಬೆವರಿದ ಬೆನ್ನು ತಾಗಿಸಲು ಹೊರಟಿದ್ದೆ! ಇಸವಿ ಹೇಳಲು ಅದೇ ಸರಿಯಾದ ಜಾಗ.

‘ನಯನ ಮನೋಹರ’, ‘ಕಣ್ಮನ ಸೆಳೆಯುವ’, ‘ವರ್ಣಿಸಲು ಪದಗಳೇ ಸಾಲದು’. ಇವು ಕಂಡಲ್ಲೆಲ್ಲ ಹೊಡೆದುಹಾಕಿ. ಪದ ಸಾಲದಿದ್ದರೆ ಎಣಿಸಿ. ಮೊದಲ ಗುಹೆಯ ನಟರಾಜನಿಗೆ ಹದಿನೆಂಟು ಕೈ. ನಾನು ಎಣಿಸಿದಾಗ ಹನ್ನೊಂದಕ್ಕೆ ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ ಶುರು. ‘ಅದ್ಭುತ ಶಿಲ್ಪ’ ಅನ್ನುವುದಕ್ಕಿಂತ ಇದು ಜಾಸ್ತಿ ಹೇಳುತ್ತದೆ.

ಸ್ಥಳದಲ್ಲೇ ನಾಲ್ಕು ಪದ ಬರೆದಿಟ್ಟುಕೊಳ್ಳಿ. ನನ್ನ ಮೊಬೈಲಿನಲ್ಲಿ ಇದ್ದದ್ದು ಇಷ್ಟೇ: ‘ಕೆಂಪು ಕಲ್ಲು. ಕಾಲು ಸುಡ್ತು. ಮಂಗ, ಬಿಸ್ಕತ್ತು. ಪಾಚಿ.’

ಇನ್ನು ನನಗೆ ನಾಚಿಕೆಯಾದ ವಿಷಯ. ಕೆರೆಯಾಚೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿ ಎಷ್ಟು ಹಳೆಯದು ಅನ್ನುವ ಮಾತು ಬಂದಾಗಲೆಲ್ಲ ಅದನ್ನೇ ತೋರಿಸುತ್ತಾರೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂದು ಗೊಣಗುತ್ತಾ ಮಧ್ಯಾಹ್ನದ ಬಿಸಿಲಲ್ಲಿ ಹುಡುಕಿದೆ. ದಾರಿ ತಪ್ಪಿತು, ನೀರು ಖಾಲಿಯಾಯಿತು, ವಾಪಸ್ ಬಂದೆ. ಆದರೆ ಮೊದಲ ಪ್ರತಿಯಲ್ಲಿ ಅದರ ಮುಂದೆ ನಿಂತು ರೋಮಾಂಚನಗೊಂಡೆ ಎಂದು ಸುಮ್ನೆ ಬರೆದುಬಿಟ್ಟಿದ್ದೆ. ಎರಡನೆಯದರಲ್ಲಿ ಅದನ್ನು ತೆಗೆದು, ಸಿಗಲಿಲ್ಲ ಎಂದೇ ಬರೆದೆ. ನಾಲ್ಕೇ ಸಾಲು. ಅದಕ್ಕೆ ಮಿಕ್ಕ ಎಲ್ಲದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.