ಕಣ್ಣಿಗೆ ಕಾಣದ್ದು ಫಿಲ್ಮಿಗೆ ಕಂಡಿತು

ಗದಗಿನ ಸ್ಟೇಷನ್ ರಸ್ತೆಯಲ್ಲಿ ನಮ್ಮ ಸೋದರಮಾವನದೊಂದು ಫೋಟೊ ಸ್ಟುಡಿಯೊ ಇತ್ತು. ಸೂಟಿ ಬಿತ್ತೆಂದರೆ ನಾನು ಅಲ್ಲೇ. ಒಂದು ಮಧ್ಯಾಹ್ನ ಮಾಮಾ ಹಳೆಯ ಪತ್ರಿಕೆಯೊಂದನ್ನು ಗಾಜಿನ ಟೇಬಲ್ ಮೇಲೆ ಹರವಿದ. ಮುಖಕ್ಕೆ ಮಾಸ್ಕ್, ಎದೆಗೆ ಸೀಸದ ಹಾಳೆ ಕಟ್ಟಿಕೊಂಡ ಗಂಡಸರು ಸಲಿಕೆ ಹಿಡಿದು ಒಂದು ಕಟ್ಟಡದ ಮಾಳಿಗೆಯ ಮೇಲೆ ಓಡುತ್ತಿದ್ದಾರೆ. ಚಿತ್ರದ ಕೆಳಅಂಚಿನಲ್ಲಿ ಬೆಳ್ಳಗೆ ಪಟ್ಟೆ ಪಟ್ಟೆ. ಮಾಮಾ ಅದರ ಮೇಲೆ ಬೆರಳಿಟ್ಟ: "ಕ್ಯಾಮೆರಾ ಮುಚ್ಚೇ ಇತ್ತು, ಆದ್ರೂ ಒಳಗ ಹೊಕ್ಕೈತಿ ನೋಡು."

ಅದು ಆಗಿನ ಸೋವಿಯತ್ ಒಕ್ಕೂಟದ, ಈಗಿನ ಉಕ್ರೇನಿನ ಚೆರ್ನೋಬಿಲ್ ಅಣು ವಿದ್ಯುತ್ ಸ್ಥಾವರ. 1986ರ ಏಪ್ರಿಲ್ 26ರ ನಡುರಾತ್ರಿ ಕಳೆದ ಮೇಲೆ ನಾಲ್ಕನೇ ರಿಯಾಕ್ಟರ್ ಸ್ಫೋಟಿಸಿತು. ಚಿತ್ರ ತೆಗೆದವರು ಕೀವ್‌ನ ಪತ್ರಿಕಾ ಛಾಯಾಗ್ರಾಹಕ ಇಗೊರ್ ಕೋಸ್ಟಿನ್. ಹೆಲಿಕಾಪ್ಟರ್‌ನಿಂದ ತೆಗೆದ ಅವರ ಮೊದಲ ರೋಲ್ ತೊಳೆದಾಗ ಬಹುತೇಕ ಹಾಳಾಗಿತ್ತು. ಮಾಳಿಗೆಯ ಚಿತ್ರದಲ್ಲಿನ ಬಿಳಿ ಪಟ್ಟೆಗಳೂ ವಿಕಿರಣದ ಗುರುತೇ ಎಂದು ಅವರು ಹೇಳುತ್ತಿದ್ದರು. ಆ ಗಂಡಸರಿಗೆ ಅಲ್ಲಿ ನಿಲ್ಲಲು ಬಿಡುತ್ತಿದ್ದದ್ದು ಒಂದೆರಡು ನಿಮಿಷ ಮಾತ್ರ. ಅಷ್ಟರಲ್ಲಿ ವಿಕಿರಣ ಸೂಸುವ ಚೂರುಗಳನ್ನು ನಾಲ್ಕು ಸಲಿಕೆಯಷ್ಟು ಎತ್ತಿ ಎಸೆದು ಕೆಳಗಿಳಿಯಬೇಕು. ಹೀಗೆ ಶುಚಿ ಕೆಲಸಕ್ಕೆ ಹೋದವರೆಂದು ಸರ್ಕಾರಗಳು ಗುರುತಿಸಿದ್ದು ಸುಮಾರು 6 ಲಕ್ಷ ಜನರನ್ನು.

ಇದಕ್ಕೂ ಹಿಂದಿನ ಕಥೆ ಜಪಾನಿನದು. ಅದು ಬಾಂಬು, ಅಪಘಾತವಲ್ಲ. ಆದರೆ ಅಣುವಿನ ಸಂಕಟವನ್ನು ಕ್ಯಾಮೆರಾ ಮೊದಲು ಕಂಡದ್ದು ಅಲ್ಲೇ. 1945ರ ಆಗಸ್ಟ್ 6ರಂದು ಹಿರೋಷಿಮಾದಲ್ಲಿ ಪತ್ರಿಕಾ ಛಾಯಾಗ್ರಾಹಕ ಯೋಶಿತೊ ಮತ್ಸುಶಿಗೆ ಕ್ಯಾಮೆರಾ ಹಿಡಿದು ಊರೆಲ್ಲ ಅಲೆದರು. ಇಡೀ ದಿನದ ಅಲೆದಾಟದಿಂದ ಉಳಿದದ್ದು ಐದೇ ಚಿತ್ರ. ಸುಟ್ಟ ಮಕ್ಕಳ ಎದುರು ಅವರ ಕೈ ಏಳಲಿಲ್ಲ. ಆ ಐದು ಚಿತ್ರಗಳಿಗಿಂತ ತೆಗೆಯದೇ ಬಿಟ್ಟವು ನನ್ನನ್ನು ಹೆಚ್ಚು ಕಾಡುತ್ತವೆ. ಆಮೇಲೆ ಬಂದದ್ದು ಅಮೆರಿಕದ ಸೆನ್ಸಾರ್. ಇಂಥ ಚಿತ್ರಗಳು ಜಪಾನಿನ ಜನರ ಕೈಗೆ ಧಾರಾಳವಾಗಿ ಸಿಕ್ಕಿದ್ದು 1952ರಲ್ಲಿ.

ಸ್ಫೋಟದ ಹೊಗೆ ಆರಿದ ಮೇಲೆ ಏನನ್ನು ತೋರಿಸುವುದು? ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚೆರ್ನೋಬಿಲ್‌ನಿಂದ ಹಾರಿದ ವಿಕಿರಣಶೀಲ ಅಯೋಡಿನ್-131 ಹುಲ್ಲಿನ ಮೇಲೆ ಕೂತಿತು. ಹುಲ್ಲು ಆಕಳ ಹೊಟ್ಟೆಗೆ, ಹಾಲು ಮಕ್ಕಳ ಹೊಟ್ಟೆಗೆ ಹೋಯಿತು. ಅದರ ಪ್ರಮಾಣ ಎಂಟು ದಿನಕ್ಕೆ ಅರ್ಧವಾಗುತ್ತದೆ, ಆದರೆ ಅಷ್ಟರಲ್ಲೇ ಮಕ್ಕಳ ಥೈರಾಯ್ಡ್ ಗ್ರಂಥಿಗೆ ಸೇರಿತ್ತು. 2005ರ ಹೊತ್ತಿಗೆ, ಅಪಘಾತದ ವೇಳೆ 18 ತುಂಬದಿದ್ದವರಲ್ಲಿ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣ ಲೆಕ್ಕಕ್ಕೆ ಸಿಕ್ಕಿದ್ದವು. ಅವುಗಳಲ್ಲಿ ಗಣನೀಯ ಪಾಲು ಆ ಹಾಲಿನದೇ ಎಂದು ವಿಜ್ಞಾನಿಗಳು ಹೇಳುತ್ತಾರೆ. ಕೊರಳ ಬುಡದಲ್ಲಿ ಅಡ್ಡಕ್ಕೆ ಒಂದು ಶಸ್ತ್ರಚಿಕಿತ್ಸೆಯ ಗೆರೆ: ಅದೇ ಆ ದುರಂತದ ಮುಖವಾಯಿತು.

ಆದರೆ 1990ರ ದಶಕದಿಂದ ಪಕ್ಕದ ಬೆಲಾರೂಸ್‌ನ ಅನಾಥಾಶ್ರಮಗಳಿಂದ ಇನ್ನೊಂದು ಬಗೆಯ ಚಿತ್ರಗಳು ಬರತೊಡಗಿದವು. ತೀವ್ರ ಅಂಗವಿಕಲ ಮಕ್ಕಳು, ಕೆಳಗೆ 'ಚೆರ್ನೋಬಿಲ್ ಸಂತಾನ' ಎನ್ನುವಂಥ ಅಡಿಬರಹ. ಇಲ್ಲಿ ನನಗೆ ತಕರಾರಿದೆ. ಹುಟ್ಟು ವೈಕಲ್ಯಗಳು ವಿಕಿರಣದಿಂದ ಹೆಚ್ಚಿದವೆಂಬುದಕ್ಕೆ ವಿಶ್ವಸಂಸ್ಥೆಯ ವಿಜ್ಞಾನಿಗಳಿಗೆ ಗಟ್ಟಿ ಪುರಾವೆ ಸಿಕ್ಕಿಲ್ಲ, ವಾದವೂ ಮುಗಿದಿಲ್ಲ. ಮಗುವಿನ ನೋವು ನಿಜ. ಅದರ ಮೈಯನ್ನೇ ಸಾಕ್ಷಿಪತ್ರ ಮಾಡಿಕೊಳ್ಳುವ ಹಕ್ಕು ನಮಗಿಲ್ಲ. ಮಾಮಾ ಪ್ರತಿ ಪ್ರಿಂಟಿನ ಬೆನ್ನಿಗೆ ಪೆನ್ಸಿಲ್‌ನಿಂದ ಹೆಸರು, ಊರು, ತಾರೀಖು ಬರೆಯುತ್ತಿದ್ದ, ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡುತ್ತಿದ್ದ. ಜರ್ಮನ್ ಮೂಲದ ಛಾಯಾಗ್ರಾಹಕ ಗೆರ್ಡ್ ಲುಡ್ವಿಗ್ 1993ರಿಂದ ಎರಡು ದಶಕ ಮತ್ತೆ ಮತ್ತೆ ಚೆರ್ನೋಬಿಲ್ ಕಡೆಗೇ ಹೋದರು. ಹಾಗೆ ಹೋದವರಿಗೇ ಕಾಣುತ್ತದೆ ಬಿಟ್ಟ ಊರಿಗೆ ಮರಳಿದ ಮುದುಕಿ, ಅವಳ ಒಲೆ, ಅವಳ ಹೆದರಿಕೆ. 2005ರಲ್ಲಿ ವಿಶ್ವಸಂಸ್ಥೆಯ ಸಂಸ್ಥೆಗಳು ಕೂಡಿ ಕೊಟ್ಟ ವರದಿ ಮಾನಸಿಕ ಆರೋಗ್ಯವನ್ನೇ ಅತಿ ದೊಡ್ಡ ಸಾರ್ವಜನಿಕ ಆರೋಗ್ಯ ಸಮಸ್ಯೆ ಎಂದಿತ್ತು.

ಹುಬ್ಬಳ್ಳಿ-ಧಾರವಾಡದವರಿಗೆ ಇದು ದೂರದ ಮಾತಲ್ಲ. ಘಟ್ಟ ಇಳಿದರೆ ಕಾಳಿ ನದಿಯ ದಂಡೆಯ ಮೇಲೆ ಕೈಗಾ ಅಣು ವಿದ್ಯುತ್ ಸ್ಥಾವರ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಅದರ ವಿರುದ್ಧ ಹೋರಾಡಿದ್ದರು. 2009ರ ನವೆಂಬರ್‌ನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಬೆರೆತು, ಹತ್ತಾರು ಕೆಲಸಗಾರರ ಮೂತ್ರ ಪರೀಕ್ಷೆಯಲ್ಲಿ ಅದು ಕಂಡುಬಂತು. ಟ್ರಿಟಿಯಂ ಕೆಲವು ವಾರಗಳಲ್ಲಿ ಬಹುಪಾಲು ಮೈಯಿಂದ ಹೊರಟುಹೋಗುತ್ತದೆ. ಕ್ಯಾಮೆರಾಕ್ಕೆ ಸಿಗುವಂಥದ್ದು ಅಲ್ಲಿ ಏನೂ ಇರಲಿಲ್ಲ. ಆದರೂ ನಮ್ಮ ಹುಬ್ಬಳ್ಳಿಯ ಹುಡುಗ ಹುಡುಗಿಯರು ಕೈಗಾದ ಸುತ್ತಲಿನ ಊರುಗಳಿಗೆ ಹೋಗಲಿ, ಒಪ್ಪಿದವರ ಅಂಗಳದಲ್ಲಿ ಕೂತು ಚಿತ್ರ ತೆಗೆಯಲಿ, ಐದು ವರ್ಷ ಬಿಟ್ಟು ಮತ್ತೆ ಹೋಗಲಿ. ಚಿತ್ರದಲ್ಲಿ ಗಾಯ ಇಲ್ಲದಿದ್ದರೆ, ಗಾಯವಿಲ್ಲ ಎಂದೇ ಅದರ ಬೆನ್ನಿಗೆ ಬರೆಯಲಿ.