ಸೋಶಿಯಲ್ ಜೆಟ್‌ಲ್ಯಾಗ್: ವಿಮಾನ ಹತ್ತದವರ ಜೆಟ್‌ಲ್ಯಾಗ್

ಸೋಮವಾರ ಬೆಳಿಗ್ಗೆ ಆರಕ್ಕೆ ಅಲಾರಂ ಹೊಡೆಯುತ್ತದೆ. ಕಣ್ಣು ತೆರೆಯುವ ಮೊದಲೇ ಕೈ ಹೋಗಿ ಅದರ ಬಾಯಿ ಮುಚ್ಚಿಸುತ್ತದೆ. ಐದು ನಿಮಿಷಕ್ಕೆ ಮತ್ತೆ ಶುರು. ನಿನ್ನೆ ಇದೇ ಹೊತ್ತಿಗೆ ಇನ್ನೂ ನಾಲ್ಕು ಗಂಟೆ ನಿದ್ದೆ ಬಾಕಿ ಇತ್ತು, ಅಲ್ವಾ? ವಿಮಾನದಲ್ಲಿ ದೂರದ ದೇಶಕ್ಕೆ ಹೋದವರ ದೇಹ ಅಲ್ಲಿನ ಹೊತ್ತಿಗೆ ಒಗ್ಗದೆ ಒದ್ದಾಡುವುದಕ್ಕೆ ಜೆಟ್‌ಲ್ಯಾಗ್ ಅಂತಾರೆ. ಈ ಪಾಡಿಗೂ ಅಂಥದ್ದೇ ಹೆಸರಿದೆ: ಸೋಶಿಯಲ್ ಜೆಟ್‌ಲ್ಯಾಗ್. ದೇಹ ಕೇಳುವ ಹೊತ್ತಿಗೂ ಕೆಲಸ ಕೇಳುವ ಹೊತ್ತಿಗೂ ಇರುವ ಅಂತರ ಅದು. ಜರ್ಮನಿಯ ಮ್ಯೂನಿಕ್‌ನಲ್ಲಿದ್ದ ಸಂಶೋಧಕ ಟಿಲ್ ರೋನೆಬರ್ಗ್ ಮತ್ತು ಅವರ ಜೊತೆಗಾರರು 2006ರಲ್ಲಿ ಈ ಪದವನ್ನು ಮುಂದಿಟ್ಟರು.

ನಿಮ್ಮದು ಎಷ್ಟಿದೆ ಅಂತ ಲೆಕ್ಕ ಹಾಕುವುದು ಸುಲಭ. ಮಲಗಿದ್ದು, ಎದ್ದಿದ್ದು ಎರಡನ್ನೂ ಬಿಟ್ಟು, ನಿದ್ದೆಯ ನಟ್ಟನಡುವಿನ ಹೊತ್ತನ್ನು ಹಿಡಿಯಬೇಕು. ಕೆಲಸದ ದಿನ ರಾತ್ರಿ 12ಕ್ಕೆ ನಿದ್ದೆ ಹತ್ತಿ 6ಕ್ಕೆ ಎದ್ದರೆ ನಡು ಹೊತ್ತು 3 ಗಂಟೆ. ರಜೆಯ ದಿನ 2ಕ್ಕೆ ಮಲಗಿ 10ಕ್ಕೆ ಎದ್ದರೆ 6 ಗಂಟೆ. ಅಂತರ ಮೂರು ಗಂಟೆ. ವಾರಾವಾರ ಗಡಿಯಾರದಲ್ಲಿ ಮೂರು ಗಂಟೆ ವ್ಯತ್ಯಾಸವಿರುವ ದೇಶಕ್ಕೆ ಹೋಗಿ ಬಂದ ಹಾಗೆ.

ನನ್ನ ಮಟ್ಟಿಗೆ ಇದು ನಿಜವಾದ ಜೆಟ್‌ಲ್ಯಾಗ್‌ಗಿಂತ ಕಷ್ಟದ್ದು. ವಿಮಾನದಲ್ಲಿ ಹೋದವರಿಗೆ ಇಳಿದ ಊರಿನ ಸೂರ್ಯ ಸಹಾಯಕ್ಕೆ ಬರುತ್ತಾನೆ. ಕೆಲವು ದಿನಗಳಲ್ಲಿ ದೇಹ ಅಲ್ಲಿನ ಹೊತ್ತಿಗೆ ಒಗ್ಗುತ್ತದೆ. ಇಲ್ಲಿ ಹಾಗಲ್ಲ. ಸೂರ್ಯ ಅಲ್ಲೇ, ನೀವೂ ಅಲ್ಲೇ, ಬದಲಾಗಿದ್ದು ಅಲಾರಂ ಮಾತ್ರ.

ದೇಹದ ಗಡಿಯಾರ ಅನ್ನುವುದು ಸುಮ್ನೆ ಮಾತಿಗೆ ಹೇಳಿದ್ದಲ್ಲ. ಎರಡು ಕಣ್ಣಿನ ನರಗಳು ಮಿದುಳಿನಲ್ಲಿ ಸೇರುವ ಜಾಗದ ಮೇಲೆ ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ಅದೇ ಆ ಗಡಿಯಾರ. ಹೆಚ್ಚಿನವರಲ್ಲಿ ಅದರ ಒಂದು ಸುತ್ತು 24 ಗಂಟೆಗಿಂತ ತುಸು ಜಾಸ್ತಿ. ದಿನಾ ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ಹಿಂದೆ ಬಿದ್ದಷ್ಟನ್ನು ಸರಿಮಾಡಿಕೊಳ್ಳುತ್ತದೆ. ರಾತ್ರಿಯ ಜೋರು ಬೆಳಕು ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ, ಗಡಿಯಾರವನ್ನು ಇನ್ನಷ್ಟು ತಡ ಮಾಡುತ್ತದೆ.

ಎಲ್ಲರ ಗಡಿಯಾರವೂ ಒಂದೇ ಥರ ಇಲ್ಲ. ಒಬ್ಬರಿಗೆ ಹತ್ತಕ್ಕೇ ಕಣ್ಣು ಎಳೆಯುತ್ತದೆ, ಇನ್ನೊಬ್ಬರಿಗೆ ಒಂದಾದರೂ ನಿದ್ದೆ ಸುಳಿಯುವುದಿಲ್ಲ. ವಯಸ್ಸೂ ಇದರಲ್ಲಿ ಕೈಯಾಡಿಸುತ್ತದೆ. ಹದಿಹರೆಯದಲ್ಲಿ ನಿದ್ದೆಯ ಹೊತ್ತು ತಡವಾಗುತ್ತಾ ಹೋಗಿ, 20ರ ಆಸುಪಾಸಿನಲ್ಲಿ ತೀರಾ ತಡವಾಗಿ, ಆಮೇಲೆ ನಿಧಾನವಾಗಿ ಹಿಂದೆ ಸರಿಯುತ್ತದೆ. ಬೆಳಿಗ್ಗೆ ಏಳದ ಹುಡುಗರಿಗೆ ಸೋಮಾರಿ ಅಂತ ಬೈಯುವ ಮೊದಲು ಇದು ನೆನಪಿರಲಿ. (ಬೈಸಿಕೊಂಡವನಾಗಿ ಹೇಳುತ್ತಿದ್ದೇನೆ.)

ಕೆಲಸದ ಹೊತ್ತು ನಮ್ಮ ಕೈಯಲ್ಲಿಲ್ಲ ಅಂದರೆ ಏನು ಮಾಡುವುದು? ವಾರವಿಡೀ ಕಡಿಮೆಯಾದ ನಿದ್ದೆಯನ್ನು ಭಾನುವಾರ ತುಂಬಿಕೊಳ್ಳಬೇಡಿ ಅನ್ನಲಾರೆ. ದೇಹ ಕೇಳುತ್ತದೆ, ಕೊಡಲೇಬೇಕು. ಆದರೆ ಹತ್ತರವರೆಗೆ ಪರದೆ ಎಳೆದು ಮಲಗಿದರೆ ಬೆಳಗಿನ ಬೆಳಕು ತಪ್ಪುತ್ತದೆ, ಆ ರಾತ್ರಿ ನಿದ್ದೆ ಇನ್ನೂ ತಡವಾಗುತ್ತದೆ. ಅದರ ಬದಲು ಶನಿವಾರ 12:30ಕ್ಕೆ ಮಲಗಿ, ಭಾನುವಾರ 8ಕ್ಕೆ ಎದ್ದು, ಹೊರಗಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ಓಡಾಡಿ. ನಿದ್ದೆ ಸಾಲದಿದ್ದರೆ ಮಧ್ಯಾಹ್ನ ಅರ್ಧ ಗಂಟೆ ಕಣ್ಣು ಮುಚ್ಚಿ. ಆಗ ನಡು ಹೊತ್ತು 4:15. ಮೂರು ಗಂಟೆಯಿದ್ದ ಅಂತರ ಒಂದೂಕಾಲು ಗಂಟೆಗೆ ಇಳಿಯಿತು.