ಪದ ಪರಿಚಯ: ಪ್ರಾತ್ಯಕ್ಷಿಕೆ ತೋಟ

ಕಲಬುರಗಿ, ಬೀದರ ಕಡೆಯ ರೈತರಿಗೆ ‘ಪ್ರಾತ್ಯಕ್ಷಿಕೆ ತಾಕು’ ಹೊಸ ಮಾತಲ್ಲ. ಹೊಸ ತಳಿಯ ತೊಗರಿಯನ್ನೋ ಕಡಲೆಯನ್ನೋ ರೈತನ ಹೊಲದಲ್ಲೇ ಬೆಳೆದು, ನೆರೆಯವರು ಬಂದು ನೋಡಿ ನಿರ್ಧರಿಸಲೆಂದು ಕೃಷಿ ವಿಜ್ಞಾನ ಕೇಂದ್ರದವರು ಗೊತ್ತುಮಾಡುವ ನೆಲಕ್ಕೆ ಆ ಹೆಸರು. ಪ್ರತ್ಯಕ್ಷವೆಂದರೆ ಕಣ್ಣೆದುರಿಗಿರುವುದು, ಪ್ರಾತ್ಯಕ್ಷಿಕೆಯೆಂದರೆ ಮಾಡಿ ತೋರಿಸುವುದು. ಈ ಪದ ಬೆಳೆಯನ್ನು ಬಿಟ್ಟು ಗಿಡಮರಗಳಿಗೂ, ಹೊಲವನ್ನು ಬಿಟ್ಟು ಊರೊಳಗಿನ ಬಯಲಿಗೂ ಸರಿದಾಗ ‘ಪ್ರಾತ್ಯಕ್ಷಿಕೆ ತೋಟ’ವಾಗುತ್ತದೆ. ಈ ಮಣ್ಣಿನಲ್ಲಿ, ಈ ಬಿಸಿಲಿನಲ್ಲಿ, ಇಷ್ಟೇ ನೀರಿನಲ್ಲಿ ಯಾವ ಗಿಡ ಬದುಕುತ್ತದೆಂಬುದನ್ನು ಸ್ವಯಂಸೇವಕರು ನೆಟ್ಟು, ಬೆಳೆಸಿ, ಫಲಕ ಹಚ್ಚಿ ತೋರಿಸುವ ತೋಟವದು. ಉದ್ಯಾನಕ್ಕೆ ಬಂದವರು ಕುಳಿತೆದ್ದು ಹೋಗಬಹುದು. ಇಲ್ಲಿಗೆ ಬಂದವರು ತಮ್ಮ ಮನೆಯ ಮುಂದೆ ಏನು ನೆಡಬೇಕೆಂದು ತಿಳಿದು ಹೋಗಬೇಕು.

ಇಂಥ ತೋಟದ ಗಿಡಗಳಿಗೆ ‘ಸ್ಥಳೀಯ’, ‘ಒಗ್ಗಿದ’ ಎಂಬ ಎರಡು ವಿಶೇಷಣಗಳನ್ನು ಬಳಸುತ್ತಾರೆ. ನಮ್ಮ ಕಡೆ ಎರಡಕ್ಕೂ ‘ಜವಾರಿ’ ಎಂದುಬಿಡುವುದು ರೂಢಿ. ಆದರೆ ಜವಾರಿ ಎಂಬುದು ರುಚಿಯನ್ನೂ ಹಳೆಯ ಬಳಕೆಯನ್ನೂ ಸೂಚಿಸುತ್ತದೆಯೇ ಹೊರತು ಮೂಲವನ್ನಲ್ಲ. ಜವಾರಿ ಮೆಣಸಿನಕಾಯಿಯ ತವರೂ ಅಮೆರಿಕ ಖಂಡವೇ. ಯಾರೂ ಹೊರಗಿನಿಂದ ತರದೆ ಈ ಸೀಮೆಯಲ್ಲಿ ತಾನಾಗಿ ಬೆಳೆದುಬಂದ ಮುತ್ತುಗ, ಕಕ್ಕೆ, ಬನ್ನಿ, ಎಕ್ಕಗಳು ಸ್ಥಳೀಯ. ಆಫ್ರಿಕ ಮೂಲದ ಹುಣಸೆ, ಅಮೆರಿಕ ಮೂಲದ ಸೀತಾಫಲಗಳು ಒಗ್ಗಿದವು. ಸ್ಥಳೀಯ ಗಿಡವನ್ನು ನಂಬಿ ಬದುಕುವ ಜೀವಿಗಳೂ ಇಲ್ಲಿಯೇ ಇರುತ್ತವೆಂಬುದು ಅದರ ಹೆಚ್ಚಿನ ಬೆಲೆ: ದನಗಳು ದೂರವಿಡುವ ಎಕ್ಕದ ಎಲೆಯನ್ನೇ ತಿಂದು ಪ್ಲೇನ್ ಟೈಗರ್ ಚಿಟ್ಟೆಯ ಹುಳು ಬೆಳೆಯುತ್ತದೆ.

ಒಗ್ಗುವುದೊಂದೇ ಅರ್ಹತೆಯಾಗಿದ್ದರೆ ಬಳ್ಳಾರಿ ಜಾಲಿಗೆ ಮೊದಲ ಮಣೆ ಹಾಕಬೇಕಾಗಿತ್ತು. ಅಮೆರಿಕ ಖಂಡದಿಂದ ಬಂದ ಆ ಮುಳ್ಳುಗಿಡ ನೀರು ಕೇಳುವುದಿಲ್ಲ, ನಿಜ; ಆದರೆ ಕೆರೆಯಂಗಳವನ್ನೂ ಊರ ದನ ಮೇಯುವ ಗಾಯರಾಣವನ್ನೂ ಮುತ್ತಿ ಬೇರೆ ಗಿಡಗಳಿಗೆ ಎಡೆ ಬಿಡುವುದಿಲ್ಲ. ದಸರೆಯಲ್ಲಿ ‘ಬಂಗಾರ’ವೆಂದು ಎಲೆ ಹಂಚುವ ನಮ್ಮ ಬನ್ನಿಗೆ ಅದು ಬಂಧುವೆಂಬುದು ಬೇರೆ ಮಾತು. ಆದ್ದರಿಂದ ಈ ತೋಟದ ಮಟ್ಟಿಗೆ ‘ಒಗ್ಗಿದ’ ಎಂದರೆ ಹವೆಯನ್ನು ತಾಳಿಕೊಂಡೂ ನೆಟ್ಟ ಎಲ್ಲೆಯನ್ನು ಮೀರದ ಗಿಡ ಎಂದೇ ಅರ್ಥಮಾಡಬೇಕು.

ಒಂದು ತೋಟ ತೋರಿಸಿದ್ದು ಎಲ್ಲ ಊರಿಗೂ ಸಲ್ಲುವುದಿಲ್ಲ. ಕಲಬುರಗಿಯ ಎರೆಮಣ್ಣು ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿದು ಎಳೆಯ ಬೇರುಗಳನ್ನು ಹರಿಯುತ್ತದೆ. 100 ಕಿಲೋಮೀಟರಿಗೆ ತುಸು ಹೆಚ್ಚು ದೂರದ ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಸುರಿದ ನೀರು ಬೇಗ ಇಳಿದುಹೋಗುತ್ತದೆ. ಕಲಬುರಗಿಯಲ್ಲಿ ಗೆದ್ದ ಸಸಿ ಅಲ್ಲಿ ಸೊರಗಿದರೆ ತಪ್ಪು ಸಸಿಯದಲ್ಲ.

ಮಿರಗದ (ಮೃಗಶಿರಾ) ಮಳೆಗೆ ಸಸಿ ನೆಡಲು ಜನ ಸಿಗುತ್ತಾರೆ. 40 ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳಲ್ಲಿ ಕೊಡ ಹಿಡಿದು ಬರುವವರೇ ನಿಜವಾದ ಸ್ವಯಂಸೇವಕರು, ಏಕೆಂದರೆ ಎಷ್ಟೇ ಗಟ್ಟಿ ಗಿಡವಾದರೂ ಬೇರೂರುವತನಕ, ಮೊದಲ ಒಂದೆರಡು ಬೇಸಿಗೆ, ನೀರು ಬೇಡುತ್ತದೆ. ಹಳ್ಳಿಯ ಮುಯ್ಯಾಳು ಪದ್ಧತಿಯಲ್ಲಿ ಇಂದು ದುಡಿದವನಿಗೆ ನಾಳೆ ತನ್ನ ಹೊಲದಲ್ಲಿ ಆಳು ಸಿಗುತ್ತದೆ. ಇಲ್ಲಿ ಆ ಲೆಕ್ಕವೂ ಇಲ್ಲ.

ಫಲಕದಲ್ಲಿ ಹೆಸರಿನೊಡನೆ ನೆಟ್ಟ ತಿಂಗಳು, ಮೂಲ, ನೀರು ನಿಲ್ಲಿಸಿದ ವರ್ಷ ಇರಬೇಕು. ಗಿಡ ಸತ್ತರೆ ಫಲಕವನ್ನು ಕೀಳದೆ, ಸತ್ತ ದಿನವನ್ನೂ ಕಾರಣವನ್ನೂ ಅದರ ಮೇಲೆಯೇ ಬರೆದಿಡುವುದು ಲೇಸು. ಬದುಕಿದ್ದನ್ನಷ್ಟೇ ತೋರಿಸಿದರೆ ಅದು ತೋಟವಾಗುತ್ತದೆ, ಪ್ರಾತ್ಯಕ್ಷಿಕೆಯಾಗುವುದಿಲ್ಲ.